ಅಪ್ಪನ ಕಾಲಿಗೆ ಗೊತ್ತಿದ್ದ ಬೀದಿ

ಜನವರಿ 12

ಡಾಂಬರು ದೊರೆಗೆ,

ನಿನ್ನ ಭಾವ ಮೊನ್ನೆ ಚರಂಡಿಗೆ ಬಿದ್ದರು. ಗಾಬರಿಯಾಗಬೇಡ, ಮೊಣಕಾಲು ತರಚಿದೆ ಅಷ್ಟೆ. ಡ್ಯೂಟಿ ಮುಗಿಸಿ, ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ಹಿಟ್ಟಿನ ಗಿರಣಿಯ ಮುಂದೆ ಬರುತ್ತಿದ್ದಾಗ ಕಾಲಿಟ್ಟ ಚಪ್ಪಡಿಯೇ ತಿರುಗಿಕೊಂಡಿತಂತೆ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವ ಕಂಡಕ್ಟರು ಅಲುಗಾಡದ ನೆಲದ ಮೇಲೆ ಬಿದ್ದರಲ್ಲ ಎಂದು ಬೀದಿಯವರೆಲ್ಲ ನಕ್ಕರು. ನಾನೂ ನಕ್ಕೆ. ಅದಕ್ಕೇ ಎರಡು ದಿನದಿಂದ ಮನೆಯಲ್ಲಿ ಮಾತುಕತೆ ಇಲ್ಲ.

ನಮ್ಮ ಫುಟ್‌ಪಾತಿನ ಅವಸ್ಥೆ ಏನಂತ ಹೇಳಲಿ. ಊರು ಬಿಡುವಾಗ ನೀನು ಎಡವಿದ ಕಲ್ಲು ಇನ್ನೂ ಅಲ್ಲೇ ಇದೆ, ಈಗ ಅದರ ಸಂಸಾರವೂ ಬೆಳೆದಿದೆ. ಎಲ್ಲೆಲ್ಲಿ ಚಪ್ಪಡಿ ಇಲ್ಲವೋ ಅಲ್ಲಲ್ಲಿ ಅಂಗಡಿಯವರು ಹಳೇ ಹಲಗೆ, ತಗಡು, ಟೈರು ಹಾಕಿಕೊಂಡಿದ್ದಾರೆ. ನಗರಸಭೆಯವರು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಭಾವ ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಾ ಅಪ್ಪನಿಗೆ ಹೇಳಿದರು: "ಮಾವ, ನೀವು ಇನ್ಮೇಲೆ ಅಂಗಡಿ ಬಿಟ್ಬಿಡಿ. ನನ್ನಂಥವನೇ ಬಿದ್ದ ಮೇಲೆ ನಿಮ್ಮ ಗತಿ ಏನು?"

ಅಪ್ಪ ಬೆತ್ತದ ಸಿಬಿರು ಕೀಳುತ್ತಾ ಕೂತಿದ್ದವರು ತಲೆ ಎತ್ತಲಿಲ್ಲ. "ನೀನು ಬಿದ್ದೆ ಅಂತ ನಾನ್ಯಾಕಪ್ಪ ಮನೇಲಿ ಕೂರ್ಲಿ? ನನ್ನ ಪಾಡಿಗೆ ನಾನು ಅಂಗಡಿಗೆ ಹೋಗಿ ಬರೋದು ನಿಂತ ದಿನ, ಮುರಿದ ಕುರ್ಚಿಗಳ ಜೊತೆ ನನ್ನನ್ನೂ ಅಟ್ಟಕ್ಕೆ ಹಾಕ್ಬಿಡಿ" ಎಂದರು. ಎಂದಿನಂತೆ ಬೀದಿಯ ಆ ತುದಿಯ ತಮ್ಮ ಬೆತ್ತದ ಕುರ್ಚಿ ಅಂಗಡಿಗೆ ಹೊರಟೇಬಿಟ್ಟರು.

ನಿನ್ನ ಕಾಗದವನ್ನು ಅಪ್ಪನಿಗೆ ನಾನೇ ಓದಿ ಹೇಳಿದೆ. "ಬಸ್ ಸ್ಟ್ಯಾಂಡಲ್ಲಿ ಮೈಕ್ ಹಿಡ್ಕೊಂಡು ಊರಿಗೆಲ್ಲ ಓದಿ ಹೇಳ್ತೀಯಲ್ಲ, ನನಗೊಂದು ಕಾಗದ ಓದೋಕೆ ಏನು ಕಷ್ಟ?" ಅನ್ನುತ್ತಾರೆ. ನೀನು ಕಳಿಸಿದ ದಪ್ಪ ಅಟ್ಟೆಯ ಬೂಟು ಡಬ್ಬದಲ್ಲೇ ಇದೆ. ಸವೆದು ಕಾಗದದಂತಾದ ಹಳೇ ಚಪ್ಪಲಿಯೇ ಅವರಿಗೆ ಬೇಕಂತೆ. ನಾನೇನು ಮಾಡಲಿ.

ನಿನ್ನ ಅಕ್ಕ


ಜನವರಿ 29

ವಿಚಾರಣೆ ಕೌಂಟರಿನ ಮಹಾರಾಣಿಗೆ,

ಭಾವ ಬಿದ್ದ ಸುದ್ದಿ ಓದಿ ನಕ್ಕಿದ್ದು ತಪ್ಪೇ, ಆದರೆ ಈ ರಸ್ತೆ ಕೆಲಸದ ಕ್ಯಾಂಪಿನವರೆಲ್ಲ ಸೇರಿ ನಕ್ಕೆವು. ಅವರಿಗೆ ಹೇಳಬೇಡ. ಫೋನ್ ಮಾಡೋಣವೆಂದರೆ ಇಲ್ಲಿ ಜಲ್ಲಿ ರಾಶಿಯ ತುದಿ ಹತ್ತಿದರೂ ಸಿಗ್ನಲ್ ಸಿಗುವುದಿಲ್ಲ. ಡೀಸೆಲ್ ತರುವ ಗಾಡಿಯವನು ಕಾಗದ ಒಯ್ದು ತರುತ್ತಾನಲ್ಲ, ಅದೇ ಪುಣ್ಯ.

ನನಗಂತೂ ಈಗ ಮೆಷಿನ್ನಿನ ಮೇಲೆ ಖಾಯಂ ಸೀಟು. ಮುಂದೆ ಲಾರಿ ಬಿಸಿ ಡಾಂಬರು ಸುರಿಯುತ್ತದೆ, ಹಿಂದೆ ನಾನು ಹಾಸುತ್ತಾ ಬರುತ್ತೇನೆ. ಕಡಲೆಕಾಳಿನಷ್ಟು ಏರುಪೇರಾದರೂ ಕೂತ ಸೊಂಟಕ್ಕೆ ತಿಳಿಯುತ್ತದೆ. ಮೇಲಿನ ಇಂಜಿನಿಯರು ಮೊನ್ನೆ ಬಂದು, "ಇಷ್ಟು ನುಣುಪಾಗಿ ಹಾಕ್ತೀಯಲ್ಲಯ್ಯ, ಗಾಡಿ ಓಡಿಸೋರಿಗೆ ನಿದ್ದೆ ಬಂದ್ರೆ?" ಎಂದರು. ಜಂಬ ಕೊಚ್ಚುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ. ಇಂಥ ರಸ್ತೆ ಹಾಕುವವನ ಮನೆ ಮುಂದೆ ಅಂಥ ಫುಟ್‌ಪಾತು ಎಂದರೆ ನನಗೆ ನಾಚಿಕೆ. ನೀನೊಂದು ಕೆಲಸ ಮಾಡು. ಎಲ್ಲೆಲ್ಲಿ ಏನೇನು ಕೆಟ್ಟಿದೆ ಎಂದು ಮನೆಯಿಂದ ಅಂಗಡಿಯವರೆಗೆ ವಿವರವಾಗಿ ಬರೆದು ಕಳಿಸು. ನಗರಸಭೆಯವರ ಬೆನ್ನು ಹತ್ತುತ್ತೇನೆ.

ಒಂದು ಮಾತು ಕೇಳಬೇಕು. ಮೊದಲೆಲ್ಲ ನಿನ್ನ ಕಾಗದದ ಕೊನೆಯಲ್ಲಿ ಅಪ್ಪ ತಮ್ಮ ಕೈಯಾರೆ ಒಂದು ಸಾಲು ಬರೆಯುತ್ತಿದ್ದರು. ಈಗ ಬಹಳ ದಿನದಿಂದ ಇಲ್ಲ. ಹೋದ ರಜೆಗೆ ಬರಲಿಲ್ಲ ಎಂದು ಕೋಪವೇ? ಹಾಗಿದ್ದರೆ ಬೈದಾದರೂ ಬರೆಯಲಿ.

ತಮ್ಮ


ಫೆಬ್ರವರಿ 14

ಲೋ ತಮ್ಮಾ,

ಅಪ್ಪನಿಗೆ ನಿನ್ನ ಮೇಲೆ ಯಾವ ಕೋಪವೂ ಇಲ್ಲ. ಬೆರಳಿಗೆ ಬೆತ್ತ ಚುಚ್ಚಿಕೊಂಡಿದ್ದಾರೆ, ಪೆನ್ನು ಹಿಡಿಯಲು ಆಗುವುದಿಲ್ಲ. ಅಷ್ಟೇ. ಅದರ ಮೇಲೆ ಕತೆ ಕಟ್ಟಬೇಡ.

ನೀನು ಕೇಳಿದ ವಿವರ ಇಗೋ. ನಮ್ಮ ಬಾಗಿಲು ದಾಟಿದ ಕೂಡಲೇ ಎರಡು ಕಲ್ಲು ಗಟ್ಟಿಯಾಗಿವೆ, ಮೂರನೆಯದು ಕಾಲಿಟ್ಟರೆ ಟಕ್ ಎನ್ನುತ್ತದೆ. ಅಲ್ಲಿಂದ ಗಿರಣಿಯವರೆಗೆ ಬರೀ ಮಣ್ಣು, ಅಂಗಾಲಿಗೆ ಮೆತ್ತಗೆ. ಗಿರಣಿಯ ಚಪ್ಪಡಿ ಎಡಕ್ಕೆ ತೂಗುತ್ತದೆ, ಬಲಕ್ಕೆ ಭಾರ ಹಾಕಿದರೆ ಸುಮ್ಮನಿರುತ್ತದೆ. (ಭಾವ ಎಡಕ್ಕೆ ಹಾಕಿದರು.) ಆಮೇಲೆ ಚರಂಡಿಯ ಬಾಯಿ, ತಣ್ಣನೆ ಗಾಳಿ ಮೊಣಕಾಲಿಗೆ ತಾಕಿದರೆ ದೊಡ್ಡ ಹೆಜ್ಜೆ ಹಾಕಬೇಕು. ದರ್ಜಿ ಹಾಸಿದ ತಗಡು, ಅದರ ಸದ್ದು ಇಡೀ ಬೀದಿಗೇ ಗೊತ್ತು. ತಗಡಿನ ಆಚೆ ಟೈರು. ಟೈರಾದ ಮೇಲೆ ಮುರಿದ ಅಂಚಿನ ಕಲ್ಲು ಮೊನಚಾಗಿ ಹೆಬ್ಬೆರಳಿಗೆ ಸಿಗುತ್ತದೆ, ಅಲ್ಲಿ ಬಲಕ್ಕೆ ತಿರುಗಿದರೆ ಅಪ್ಪನ ಅಂಗಡಿ.

ಇಷ್ಟನ್ನೂ ಅಪ್ಪನೇ ಹೇಳಿದರು, ನಾನು ಬರೆದುಕೊಂಡೆ. ದಿನವೂ ಆ ಬೀದಿಯಲ್ಲೇ ಬಸ್ ಸ್ಟ್ಯಾಂಡಿಗೆ ಹೋಗುವ ನನಗೆ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ. ಹೇಳುವಾಗ ಅವರ ಮುಖ ನೋಡಬೇಕಿತ್ತು, ಚಿಕ್ಕಂದಿನ ಗೆಳೆಯರ ಸುದ್ದಿ ಹೇಳುತ್ತಿದ್ದಂತಿತ್ತು.

ನಿನಗೆ ಇನ್ನೂ ಏನೋ ಬರೆಯಬೇಕು ಅಂದುಕೊಂಡೆ. ಇರಲಿ ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ


ಮಾರ್ಚ್ 3

ಅಕ್ಕಾ,

ನಿನ್ನ ವಿವರ ಓದಿ ನಗರಸಭೆಯ ವಾರ್ಡ್ ಇಂಜಿನಿಯರಿಗೆ ತಲೆ ಕೆಟ್ಟಿರಬೇಕು. ಎಷ್ಟು ಅಗಲ, ಎಷ್ಟು ಆಳ ಎಂದು ಒಂದು ಕಡೆಯೂ ಇಲ್ಲ. ಟಕ್ ಅಂತೆ, ತಣ್ಣನೆ ಗಾಳಿ ಅಂತೆ! ಅಪ್ಪ ಬೆತ್ತ ಹೆಣೆಯುವುದು ಬಿಟ್ಟು ಪದ ಹೆಣೆಯಲು ಶುರು ಮಾಡಿದ್ದಾರಾ? ಆದರೂ ಅದನ್ನೇ ಇಟ್ಟುಕೊಂಡು ನಕ್ಷೆ ಬರೆದು, ಮೇಲೊಂದು ಅರ್ಜಿ ಗೀಚಿ ಕಳಿಸಿದೆ. ಉತ್ತರವಿಲ್ಲ. ಮತ್ತೆ ಕಳಿಸಿದೆ. ಮೂರನೆಯದಕ್ಕೆ ಆ ಮನುಷ್ಯ ಉತ್ತರ ಬರೆದ: "ಸ್ವಾಮೀ, ಮಾಡುತ್ತೇವೆ, ದಯವಿಟ್ಟು ನಿಲ್ಲಿಸಿ." ಕಾಡಿಸಿದರೆ ಏನು ತಾನೇ ಆಗುವುದಿಲ್ಲ!

ಈ ತಿಂಗಳಲ್ಲೇ ಕೆಲಸ ಶುರು. ಚಪ್ಪಡಿ ಎಲ್ಲ ಕಿತ್ತು ಹೊಸ ಟೈಲ್ಸ್ ಹಾಕುತ್ತಾರೆ. ಚರಂಡಿ ಪೂರ್ತಿ ಮುಚ್ಚುತ್ತಾರೆ. ಅಪ್ಪನಿಗೆ ಈಗಲೇ ಹೇಳಬೇಡ ಕಣೇ. ಒಂದು ದಿನ ಬಾಗಿಲು ತೆಗೆದು ನೋಡಿದರೆ ಬೀದಿ ಫಳಫಳ ಎನ್ನಬೇಕು. ಜೀವಮಾನವಿಡೀ ಅವರಿಗೆ ನಾನು ಒಂದು ಅಂಗಿ, ಒಂದು ಜೊತೆ ಬೂಟಿಗಿಂತ ಹೆಚ್ಚಿನದೇನೂ ಕೊಟ್ಟಿಲ್ಲ. ಇದನ್ನು ಕೊಡುತ್ತೇನೆ.

ತಮ್ಮ


ಮಾರ್ಚ್ 25

ಡಾಂಬರು ದೊರೆಗೆ, ಅಲ್ಲ, ಈಗ ಟೈಲ್ಸ್ ದೊರೆಗೆ,

ಬಂದರು, ಕಿತ್ತರು, ಹಾಕಿದರು! ಕನಸೋ ನನಸೋ ತಿಳಿಯದು. ನಮ್ಮ ಬಾಗಿಲಿನಿಂದ ಆ ತುದಿಯವರೆಗೆ ಒಂದೇ ಸಮ. ದರ್ಜಿಯಂತೂ ತನ್ನ ತಗಡು ಸುತ್ತಿ ಗುಜರಿಯವನಿಗೆ ಕೊಟ್ಟುಬಿಟ್ಟ. ಬೀದಿಯ ಆಚೆ ಮನೆಯ ಕಾಲುನೋವಿನ ಅಜ್ಜಿ ಎಷ್ಟೋ ದಿನದ ಮೇಲೆ ನಮ್ಮ ಜಗಲಿಯವರೆಗೆ ಬಂದು, "ನಿನ್ನ ತಮ್ಮನ ಹೊಟ್ಟೆ ತಣ್ಣಗಿರ್ಲಿ" ಎಂದರು. ನನಗೆ ಕಣ್ಣು ತುಂಬಿತು. ನೀನು ನನ್ನ ತಮ್ಮ ಎಂದು ಹೇಳಿಕೊಳ್ಳಲು ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ ಕಣೋ. ಇದನ್ನು ನೆನಪಿಟ್ಟುಕೊಂಡು ತಲೆ ಮೇಲೆ ಹತ್ತಬೇಡ.

ಅಗೆಯುವ ಸದ್ದಿನಿಂದ ಅಪ್ಪನಿಗೆ ಗುಟ್ಟು ತಿಳಿದೇ ಹೋಯಿತು. ಕೆಲಸ ನಡೆಯುವಷ್ಟು ದಿನ ಅಂಗಡಿಗೆ ರಜೆ ಕೊಟ್ಟು ಜಗಲಿಯಲ್ಲಿ ಕೂತಿದ್ದರು. ಇವತ್ತು ಇಳಿದು, ಚಪ್ಪಲಿ ಬಿಟ್ಟು, ಟೈಲ್ಸಿನ ಮೇಲೆ ಅಂಗಾಲು ಆಡಿಸಿದರು. "ಅವನೇ ಮಾಡಿಸಿದ್ನಾ?" ಎಂದು ಕೇಳಿದರು. ಹೌದು ಎಂದೆ. "ಚೆನ್ನಾಗಿದೆ. ಬಹಳ ಚೆನ್ನಾಗಿದೆ" ಎಂದು ಒಳಗೆ ಹೋದರು. ನಾಳೆಯಿಂದ ಅಂಗಡಿ ತೆಗೆಯುತ್ತಾರೆ.

ಅಕ್ಕ


ಏಪ್ರಿಲ್ 8

ಅಕ್ಕಾ,

ನಿನ್ನ ಕಾಗದವನ್ನು ಕ್ಯಾಂಪಿನಲ್ಲಿ ಎಲ್ಲರಿಗೂ ಓದಿಸಿದೆ. ಅಡುಗೆಯವನಿಗೆ ಎರಡು ಸಲ. "ಚೆನ್ನಾಗಿದೆ" ಎಂದು ಅಪ್ಪ ಎರಡೆರಡು ಸಲ ಹೇಳಿದರಾ? ಅವರ ಬಾಯಲ್ಲಿ "ಪರವಾಗಿಲ್ಲ" ಎನ್ನುವುದೇ ದೊಡ್ಡ ಬಹುಮಾನ, ನಿನಗೇ ಗೊತ್ತು. ಈಗ ಅಂಗಡಿಗೆ ಹೇಗೆ ಹೋಗುತ್ತಾರೆ? ಕೈ ಬೀಸಿಕೊಂಡು ಹೋಗುತ್ತಾರಾ? ಇನ್ನಾದರೂ ಆ ಬೂಟು ಹಾಕಿಸು. ಎಲ್ಲ ಬಿಡಿಸಿ ಬರೆ, ನನಗೆ ಕಣ್ಣಿಗೆ ಕಟ್ಟಿದಂತೆ ಆಗಬೇಕು.

ತಮ್ಮ


ಏಪ್ರಿಲ್ 30

ಅಕ್ಕಾ,

ವಿಚಾರಣೆ ಕೌಂಟರು ಮುಚ್ಚಿದೆಯಾ? ಡೀಸೆಲ್ ಗಾಡಿ ಎರಡು ಸಲ ಬಂತು, ನಿನ್ನ ಕಾಗದ ಇಲ್ಲ. ಟೈಲ್ಸ್ ಎದ್ದು ಬಂದವಾ? ಬಂದಿದ್ದರೆ ಬರೆ, ಆ ಇಂಜಿನಿಯರಿಗೆ ಬುದ್ಧಿ ಕಲಿಸುತ್ತೇನೆ. ಭಾವ ಮತ್ತೆ ಬಿದ್ದರಾ? ಏನಾದರೂ ಸರಿ, ಎರಡು ಸಾಲು ಗೀಚು. ಸುಮ್ಮನಿದ್ದರೆ ನನಗೆ ಏನೇನೋ ಯೋಚನೆ ಬರುತ್ತದೆ.

ತಮ್ಮ


ಮೇ 6

ತಮ್ಮಾ,

ಇದನ್ನು ಒಬ್ಬನೇ ಕೂತು ಓದು. ಕ್ಯಾಂಪಿನವರಿಗೆ ಓದಿಸಬೇಡ.

ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಹೋದ ವರ್ಷದ ನಡುವಿನಿಂದಲೇ ಮಬ್ಬಾಗುತ್ತಾ ಬಂತು. ನರ ಸೊರಗಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಮೆಟ್ಟಿಲ ಮೇಲೇ ಅಪ್ಪ ನನ್ನಿಂದ ಮಾತು ತೆಗೆದುಕೊಂಡರು. "ಅವನಿಗೆ ತಿಳಿಸ್ಬೇಡ. ಹೆಲ್ಪರ್ ಆಗಿದ್ದವನು ಈಗ ತಾನೇ ಮೆಷಿನ್ ಮೇಲೆ ಕೂತಿದಾನೆ. ತಿಳಿದ್ರೆ ಎಲ್ಲ ಬಿಟ್ಟು ಓಡಿ ಬರ್ತಾನೆ" ಎಂದರು. ಬೆರಳಿಗೆ ಬೆತ್ತ ಚುಚ್ಚಿದ್ದು ಸುಳ್ಳು. ಹೆಣಿಗೆಗೆ ಕಣ್ಣು ಬೇಡ, ಅವರ ಬೆರಳಿಗೆ ಬೆತ್ತವೆಲ್ಲ ಬಾಯಿಪಾಠ. ಅಂಗಡಿಗೆ ಹೋಗಲು ಆ ಹಾಳು ಫುಟ್‌ಪಾತು ಇತ್ತು. ಟಕ್ ಎನ್ನುವ ಕಲ್ಲು, ತೂಗುವ ಚಪ್ಪಡಿ, ತಗಡು, ಟೈರು, ಎಲ್ಲವೂ ತೆಳು ಚಪ್ಪಲಿಯ ಮೂಲಕ ಅವರ ಕಾಲಿಗೆ ದಾರಿ ಹೇಳುತ್ತಿದ್ದವು. ಕಣ್ಣಿಲ್ಲ ಎಂದು ಬೀದಿಯವರಿಗೂ ಗೊತ್ತಾಗಿರಲಿಲ್ಲ, ಅಷ್ಟು ಸಲೀಸಾಗಿ ಹೋಗಿ ಬರುತ್ತಿದ್ದರು.

ಹೊಸ ಟೈಲ್ಸ್ ಮೇಲೆ ಹೊರಟ ಮೊದಲ ದಿನವೇ ದಾರಿ ತಪ್ಪಿದರು. ಎಲ್ಲಿ ಕಾಲಿಟ್ಟರೂ ಒಂದೇ ಥರ. ಗಿರಣಿ ಅವತ್ತು ಕೆಟ್ಟು ನಿಂತಿತ್ತು, ಅದರ ಸದ್ದೂ ಇಲ್ಲ. ಅಂಗಡಿಯನ್ನು ದಾಟಿ ನಡೆದು ಲಾರಿ ಸ್ಟ್ಯಾಂಡಿನೊಳಕ್ಕೆ ಹೋಗಿದ್ದಾರೆ. ಹಿಂದಕ್ಕೆ ಬರುತ್ತಿದ್ದ ಲಾರಿಯ ಮುಂದಿನಿಂದ ಪಂಕ್ಚರ್ ಅಂಗಡಿಯವನು ಎಳೆದುಕೊಂಡು, ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಕರೆತಂದ. ನನ್ನ ಕೌಂಟರಿನ ಮುಂದೆ ನಿಂತು, "ಸ್ವಲ್ಪ ವಿಚಾರಿಸ್ಬೇಕಿತ್ತು ಕಣಮ್ಮ. ನನ್ನ ಅಂಗಡಿ ಎಲ್ಲಿ?" ಎಂದು ನಗಲು ನೋಡಿದರು. ಮೈಕ್ ಆನ್ ಇತ್ತು. ನಾನು ಅತ್ತಿದ್ದು ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸಿತು.

ಅವತ್ತಿನಿಂದ ಮನೆಯಲ್ಲೇ ಇದ್ದಾರೆ. "ವಯಸ್ಸಾಯ್ತು, ಸಾಕು" ಎನ್ನುತ್ತಾರೆ. ಭಾವ ರಜೆ ಹಾಕಿ ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ನೆಂಟರಂತೆ ಕೂತಿದ್ದು ವಾಪಸು ಬಂದರು, ಬೆತ್ತ ಮುಟ್ಟಲಿಲ್ಲ. ನಿನಗೆ ಬರೆಯಲೇಬೇಡ ಎಂದು ಮತ್ತೆ ಆಣೆ ಹಾಕಿಸಿದರು. ನಾನು ಮುರಿದೆ. ನಿನ್ನನ್ನು ಹೇಗೆ ಬೈಯಲಿ? ನಾನೂ ಕುಣಿದಾಡಿದವಳೇ. ಕಣ್ಣಿದ್ದ ನಾವಿಬ್ಬರೂ ಸೇರಿ ಅವರ ದಾರಿ ಅಳಿಸಿಬಿಟ್ಟೆವು ಕಣೋ.

ಅಕ್ಕ


ಮೇ 19

ಅಕ್ಕಾ,

ಕಾಗದ ಓದಿದ ಮೇಲೆ ಕೆಲಸಕ್ಕೆ ಹೋಗಲಾಗಲಿಲ್ಲ. ನೀನು ಮುಚ್ಚಿಟ್ಟೆ ಎಂದು ಮೊದಲು ಕೋಪ ಬಂತು. ಆಮೇಲೆ ನಿನ್ನ ಹಳೇ ಕಾಗದಗಳನ್ನು ತೆಗೆದು ಓದಿದೆ. ನೀನು ಎಲ್ಲವನ್ನೂ ಹೇಳಿದ್ದೆ, ನನಗೇ ತಿಳಿಯಲಿಲ್ಲ. "ಪದ ಹೆಣೆಯುತ್ತಿದ್ದಾರಾ" ಎಂದು ಹಲ್ಲು ಕಿರಿದೆನಲ್ಲ.

ಸಂಜೆ ನಾವು ಹಾಕಿದ ರಸ್ತೆಗೆ ಹೋದೆ. ಇನ್ನೂ ಗಾಡಿ ಬಿಟ್ಟಿಲ್ಲ. ಕಣ್ಣು ಮುಚ್ಚಿಕೊಂಡು ನಡೆದೆ. ಸ್ವಲ್ಪ ದೂರ ಹೋಗಿ ನಿಂತರೆ ಎಲ್ಲಿದ್ದೇನೆ, ಎತ್ತ ಮುಖ ಮಾಡಿದ್ದೇನೆ ಒಂದೂ ತಿಳಿಯದು. ಹೆದರಿ ಕಣ್ಣು ಬಿಟ್ಟೆ. ಅಪ್ಪನಿಗೆ ಹಾಗೆ ಕಣ್ಣು ಬಿಟ್ಟು ನೋಡಲು ಆಗುವುದಿಲ್ಲವಲ್ಲ. ಇಷ್ಟು ದಿನ ನಾನು ಹೆಮ್ಮೆಪಟ್ಟ ನುಣುಪು ಇದೇ.

ಕೆಲಸ ಬಿಟ್ಟು ಬರುತ್ತೇನೆ. ದಿನಾ ಬೆಳಿಗ್ಗೆ ಅಂಗಡಿಗೆ ಬಿಟ್ಟು, ಸಂಜೆ ಕರೆತರುತ್ತೇನೆ. ಅವರ ಮಾತು ನಡೆಸಿದ್ದು ಸಾಕು, ಈ ವಿಷಯದಲ್ಲಿ ನನ್ನನ್ನು ತಡೆಯಬೇಡ.

ತಮ್ಮ


ಜೂನ್ 2

ಲೋ ದಡ್ಡ,

ತಡೆಯುತ್ತೇನೆ. ಕೈ ಹಿಡಿದು ಕರೆದೊಯ್ದರೆ ಅವರು ಹೋಗುವುದಿಲ್ಲ, ಬರೆದೆನಲ್ಲ. ನೀನು ಕೆಲಸ ಬಿಟ್ಟು ಬಂದರೆ ಮನೆಯಲ್ಲಿ ಸುಮ್ಮನೆ ಕೂತವರು ಇಬ್ಬರಾಗುತ್ತೀರಿ, ಇಬ್ಬರಿಗೂ ನಾನೇ ಬಡಿಸಬೇಕು. ಮೊದಲು ಇಲ್ಲಿ ನಡೆದದ್ದು ಕೇಳು.

ಹೋದ ವಾರ ನೀರಿನ ಇಲಾಖೆಯವರು ಬಂದರು. ಗೋಡೆ ಪಕ್ಕದಲ್ಲಿ ಕೊಳವೆ ಹಾಕಬೇಕಂತೆ. ಹೊಚ್ಚ ಹೊಸ ಟೈಲ್ಸ್ ಕಿತ್ತು ರಾಶಿ ಹಾಕಿ, ನಮ್ಮ ಬಾಗಿಲಿನಿಂದ ಬೀದಿಯ ಆ ತುದಿಯವರೆಗೆ ಉದ್ದಕ್ಕೆ ಅಗೆದರು. ಟೈಲ್ಸ್ ಹಾಕುವ ಮುಂಚೆ ಬರಬಾರದಿತ್ತಾ ಎಂದರೆ, "ಅದು ಅವರ ಇಲಾಖೆ ಮೇಡಂ, ಇದು ನಮ್ಮದು" ಎಂದರು. ಕೊಳವೆ ಹಾಕಿ, ಮಣ್ಣು ಜಲ್ಲಿ ತುಂಬಿ, ಕಾಲಲ್ಲಿ ತುಳಿದು ಹೊರಟೇ ಹೋದರು. ಬೀದಿಯವರೆಲ್ಲ ಹಿಡಿಶಾಪ ಹಾಕಿದರು. ನಾನಂತೂ ಗಂಟಲು ಹರಿಯುವಂತೆ ಕೂಗಾಡಿ ಒಳಗೆ ಬಂದರೆ ಅಪ್ಪ ಜಗಲಿಯಲ್ಲಿಲ್ಲ.

ಹೊರಗೆ ಓಡಿದೆ. ಗೋಡೆ ಪಕ್ಕದ ಆ ಜಲ್ಲಿ ಸಾಲಿನ ಮೇಲೆ, ಹಳೇ ಚಪ್ಪಲಿ ಕರಕರ ಎನಿಸುತ್ತಾ, ಅಪ್ಪ ಒಬ್ಬರೇ ಹೋಗುತ್ತಿದ್ದಾರೆ! ಕಾಲು ಟೈಲ್ಸಿಗೆ ತಾಕಿದರೆ ಮತ್ತೆ ಜಲ್ಲಿಗೆ ಸರಿಯುತ್ತಾರೆ. ದರ್ಜಿ ಏನೋ ಕೂಗಿ ಹೇಳಲು ಹೊರಟ, ಸುಮ್ಮನಿರು ಎಂದು ಸನ್ನೆ ಮಾಡಿದೆ. ಅಂಗಡಿಯ ಬೀಗಕ್ಕೆ ಕೈ ಹಾಕಿದಾಗ ಅವರು ನಿಂತ ರೀತಿ ನೋಡಿ ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು. ಸಂಜೆ ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡರು.

ಆದರೆ ಇದು ನಿಲ್ಲುವುದಿಲ್ಲ. ಮಳೆ ಬಂದರೆ ಮಣ್ಣು ಕೊಚ್ಚಿ ಹೋಗುತ್ತದೆ. ಕಾಲುನೋವಿನ ಅಜ್ಜಿ ಆಗಲೇ ಒಮ್ಮೆ ಜಾರಿದರು. ಈ ನಡುವೆ ನಿನ್ನ ವಾರ್ಡ್ ಇಂಜಿನಿಯರು ಬಂದು ನೋಡಿ, ಮುಂದಿನ ತಿಂಗಳು ಮತ್ತೆ ಟೈಲ್ಸ್ ಹಾಕಿಸಿ ಮೊದಲಿನಂತೆ ಮಾಡುತ್ತೇನೆ, ನಿಮ್ಮ ತಮ್ಮನಿಗೆ ಮಾತ್ರ ಹೇಳಬೇಡಿ ಎಂದು ಕೈ ಮುಗಿದರು. ಮೊದಲಿನಂತೆ ಆದರೆ ಅಪ್ಪ ಮತ್ತೆ ಜಗಲಿಗೆ. ಏನಾದರೂ ಮಾಡು ಮಾರಾಯಾ. ರಸ್ತೆ ನಿನ್ನ ಕಸುಬು, ನನ್ನದಲ್ಲ.

ಅಕ್ಕ


ಜೂನ್ 15

ಅಕ್ಕಾ,

ನಿನ್ನ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಕೆಟ್ಟ ಕೆಲಸ ಮಾಡಿ ಹೋದವರಿಗೆ ಕೈ ಮುಗಿಯಬೇಕು ಅನ್ನಿಸಿದ್ದು ಇದೇ ಮೊದಲು.

ಒಂದು ದಾರಿ ಇದೆ. ಕೊಳವೆಯ ಸಾಲಿನ ಮೇಲೆ ಟೈಲ್ಸ್ ಬದಲು ಕಾಂಕ್ರೀಟು ಹಾಕಬೇಕು. ಅದು ಪೂರ್ತಿ ಗಟ್ಟಿಯಾಗುವ ಮುಂಚೆ ಮೇಲಿನ ಸಿಮೆಂಟನ್ನು ನೀರು ಹಾಕಿ ತೊಳೆದರೆ ಸಣ್ಣ ಜಲ್ಲಿ ಎದ್ದು ಕಾಣುತ್ತದೆ. ಮಟ್ಟ ಸಮ ಇರುತ್ತದೆ, ಅಜ್ಜಿ ಎಡವುವುದಿಲ್ಲ, ಮಳೆಗೆ ಕೊಚ್ಚುವುದಿಲ್ಲ. ಆದರೆ ಅಂಗಾಲಿಗೆ ಒರಟು. ಗಿರಣಿಯ ಮುಂದೆ ಒಂದು ಥರ ಜಲ್ಲಿ, ಅಂಗಡಿಯ ತಿರುವಿನಲ್ಲಿ ಇನ್ನೊಂದು ಥರ. ಇಂಜಿನಿಯರಿಗೆ ಬರೆದೆ. ಒಪ್ಪದಿದ್ದರೆ ದಿನಕ್ಕೊಂದು ಅರ್ಜಿ ಎಂದೆ. ತಕ್ಷಣ ಒಪ್ಪಿದ. ಸಾಮಾನು ಅವರದು, ಕೆಲಸ ನನ್ನದು. ಹದಿನೈದು ದಿನ ರಜೆ ಸಿಕ್ಕಿದೆ.

ಆದರೆ ಈ ಸಲ ಗುಟ್ಟು ಬೇಡ. ಈ ಕಾಗದವನ್ನು ಮೊದಲು ಅಪ್ಪನಿಗೆ ಓದಿ ಹೇಳು. ನನಗೆ ಎಲ್ಲ ಗೊತ್ತಾಗಿದೆ ಎಂದೂ ಹೇಳು. ಅವರು ಬೇಡ ಎಂದರೆ ನಾನು ಕರಣೆ ಮುಟ್ಟುವುದಿಲ್ಲ.

ಅಪ್ಪಾ, ನಿಮ್ಮನ್ನು ಕೇಳದೆ ನಿಮ್ಮ ಬೀದಿಗೆ ಕೈ ಹಾಕಿದೆ. ಹೊಟ್ಟೆಗೆ ಹಾಕಿಕೊಳ್ಳಿ.

ತಮ್ಮ


ಜೂನ್ 24

ತಮ್ಮಾ,

ಓದಿ ಹೇಳಿದೆ. ನಾನು ಆಣೆ ಮುರಿದದ್ದಕ್ಕೆ ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ: "ಗೊತ್ತಾದ ಮೇಲೂ ಕೆಲಸ ಬಿಟ್ಟಿಲ್ಲ ತಾನೇ?" ಇಲ್ಲ ಎಂದೆ. "ಹಾಗಾದ್ರೆ ಬರ್ಲಿ. ಆದ್ರೆ ಮೇಸ್ತ್ರಿ ನಾನು. ನಾನು ಹೇಳಿದ ಹಾಗೆ ಹಾಕ್ಬೇಕು."

ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಬೇಗ ಬಾ.

ಅಕ್ಕ


ಜುಲೈ 20

ಅಕ್ಕಾ,

ಸುಖವಾಗಿ ಕ್ಯಾಂಪ್ ಸೇರಿದೆ. ನೀನು ಕಟ್ಟಿಕೊಟ್ಟ ಬುತ್ತಿಯನ್ನು ಪಕ್ಕದ ಸೀಟಿನವನೇ ಅರ್ಧ ತಿಂದ.

ನೀನು ಡ್ಯೂಟಿಗೆ ಹೋಗುತ್ತಿದ್ದೆಯಲ್ಲ, ನೋಡದ ಒಂದು ಸಂಗತಿ ಹೇಳುತ್ತೇನೆ. ಗಿರಣಿಯ ಹತ್ತಿರದ ಭಾಗ ತೊಳೆದು ಮುಗಿಸಿದಾಗ ಅಪ್ಪ ಬರಿಗಾಲಲ್ಲಿ ನಿಂತು, "ಇಲ್ಲಿ ಇನ್ನೂ ಒರಟಿರ್ಲಿ. ಮೈಮರೆತು ನಡೀತಿದ್ರೂ ಗೊತ್ತಾಗ್ಬೇಕು" ಎಂದರು. ಮತ್ತೆ ತೊಳೆದೆ. ಮತ್ತೆ ನಿಂತು ನೋಡಿದರು. ನಾಲ್ಕು ಸಲ ಮಾಡಿಸಿದರು ಮಹಾರಾಯರು. ನಮ್ಮ ಕಂಪನಿಯ ಇಂಜಿನಿಯರು ನನ್ನನ್ನು ಇಷ್ಟು ಗೋಳು ಹೊಯ್ದುಕೊಂಡಿಲ್ಲ. ನಾಲ್ಕನೇ ಸಲ ಸರಿಯಾಯಿತು ಎಂದರು. ಅಲ್ಲಿಂದ ಈಚೆ ಬರಲು ಕೈ ಕೊಟ್ಟೆ. ಹಿಡಿದ ಕೈಯನ್ನು ಬಿಡದೆ ಬೆರಳಿನಿಂದ ಅಂಗೈಯೆಲ್ಲ ಸವರಿ ನೋಡಿ, "ಯಾವಾಗ ದಡ್ಡುಗಟ್ಟಿದ್ದು ಇದೆಲ್ಲ?" ಎಂದರು. ಹೆಲ್ಪರ್ ಆಗಿದ್ದಾಗಲೇ ಎಂದೆ. "ಹೇಳ್ಲೇ ಇಲ್ವಲ್ಲ" ಎಂದರು. ನೀವೂ ಹೇಳಲಿಲ್ಲವಲ್ಲ ಎಂದೆ. ಇಬ್ಬರೂ ಗಿರಣಿಯ ಸದ್ದು ಕೇಳುತ್ತಾ ನಿಂತಿದ್ದೆವು. ಅದನ್ನೇ ನೆನೆಯುತ್ತಾ ಅವತ್ತು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದೆ ಕಣೇ. ನೀನು ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದುಕೊಂಡೆ.

ಕಾಂಕ್ರೀಟು ಪೂರ್ತಿ ಗಟ್ಟಿಯಾಗುವ ಮುಂಚೆ ರಜೆ ಮುಗಿಯಿತು, ಅಪ್ಪ ಅದರ ಮೇಲೆ ಒಬ್ಬರೇ ಹೋಗುವುದನ್ನು ನೋಡಲಾಗಲಿಲ್ಲ. ಹೇಗಾಯಿತು? ಇದ್ದದ್ದು ಇದ್ದಂತೆ ಬರೆ. ಇನ್ನು ಮುಚ್ಚಿಟ್ಟರೆ ನಿನ್ನ ಕೌಂಟರಿಗೇ ಬಂದು ಜಗಳವಾಡುತ್ತೇನೆ.

ತಮ್ಮ


ಆಗಸ್ಟ್ 3

ತಮ್ಮಾ,

ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ.

ಅಪ್ಪ ದಿನವೂ ಅಂಗಡಿಗೆ ಹೋಗುತ್ತಾರೆ, ದಿನವೂ ಬರುತ್ತಾರೆ, ಒಬ್ಬರೇ. ಮೊದಲ ದಿನ ನಾನು ಹಿಂದೆ ಹಿಂದೆ ಹೋದೆ. ಗಿರಣಿಯ ಹತ್ತಿರ ನಿಂತು, ತಿರುಗದೆಯೇ, "ಡ್ಯೂಟಿಗೆ ಹೊತ್ತಾಗ್ಲಿಲ್ವಾ ನಿನಗೆ?" ಎಂದರು. ಬೆಪ್ಪಾಗಿ ಹಿಂದಿರುಗಿದೆ. ಈಗ ಕಣ್ಣಿನ ವಿಷಯ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಆ ಸಾಲಿನ ಮೇಲೆ ಯಾರೂ ಸೈಕಲ್ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ದರ್ಜಿ ಕತ್ತರಿ ಹಿಡಿದುಕೊಂಡೇ ಹೊರಗೆ ಬರುತ್ತಾನೆ. ಬೀದಿಯ ಉಳಿದ ಭಾಗ ಮಾತ್ರ ಆಗಲೇ ಹದಗೆಡುತ್ತಿದೆ, ಮೂಲೆಯ ಟೈಲ್ಸ್ ಎದ್ದಿವೆ, ಭಾವ ಬಹಳ ಜೋಪಾನವಾಗಿ ನಡೆಯುತ್ತಾರೆ.

ಆದರೆ ನಿನ್ನ ಕೆಲಸದಲ್ಲಿ ಒಂದು ಕೊರತೆ ಉಳಿದಿದೆಯಂತೆ. ಹೋದ ವಾರದಿಂದ ಅಪ್ಪ ಒಂದೇ ಸಮನೆ ಹೇಳುತ್ತಿದ್ದಾರೆ: "ಅಂಗಡಿ ತಿರುವಿನ ಹತ್ರ ಸ್ವಲ್ಪ ಏರಿದೆ. ಅವನಿಗೆ ಬರಿ." ನಿನಗೆ ಬೇಜಾರಾಗುತ್ತದೆ ಎಂದು ನಾನು ಬರೆದಿರಲಿಲ್ಲ. ನಿನ್ನೆ ಮತ್ತೆ ಕೇಳಿದರು, "ಬರೆದ್ಯಾ? ಬೇರೆಯವರು ಮುಟ್ಟೋದು ಬೇಡ. ಅವನೇ ಬಂದು ಸರಿ ಮಾಡ್ಲಿ."

ಇವತ್ತು ಬೆಳಿಗ್ಗೆ ನೀನು ಬಿಟ್ಟುಹೋದ ಮಟ್ಟಗೋಲು ಹಿಡಿದುಕೊಂಡು ನಾನೂ ಭಾವನೂ ಹೋದೆವು. ತಿರುವಿನಲ್ಲಿ ಮಂಡಿಯೂರಿ, ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿದೆವು. ಹೋಗಿ ಬರುವವರು, "ಕಂಡಕ್ಟ್ರೇ, ಚಿಲ್ಲರೆ ಬಿತ್ತಾ?" ಎಂದು ಕೇಳಿದರು. ಕೈಯಿಂದ ಸವರಿದೆ, ಚಪ್ಪಲಿ ಬಿಟ್ಟು ನಿಂತೂ ನೋಡಿದೆ.

ಎಲ್ಲಿಯೂ ಏರಿಲ್ಲ ಕಣೋ. ಒಂದು ಕೂದಲೆಳೆಯಷ್ಟೂ ಇಲ್ಲ.

ಅಪ್ಪನಿಗೆ ಏನೆಂದು ಹೇಳಲಿ?

ಅಕ್ಕ


ಆಗಸ್ಟ್ 14

ಅಕ್ಕಾ,

ಅಪ್ಪ ಹೇಳಿದ್ದೇ ಸರಿ. ಅಲ್ಲಿ ಏರಿದೆ. ಮಟ್ಟಗೋಲಿಗೆ ಸಿಗುವಂಥದ್ದಲ್ಲ ಅದು, ನೀವಿಬ್ಬರೂ ಸುಮ್ಮನೆ ಮಂಡಿ ನೋಯಿಸಿಕೊಂಡಿರಿ.

ರಜೆಗೆ ಬರೆದುಕೊಟ್ಟಿದ್ದೇನೆ, ಮುಂದಿನ ತಿಂಗಳು ಬರುತ್ತೇನೆ. ಅಂಥ ಏರು ಒಂದೇ ಸಲಕ್ಕೆ ಹೋಗುವುದಿಲ್ಲ, ಆಗಾಗ ಬಂದು ತಿದ್ದುತ್ತಲೇ ಇರಬೇಕಾಗುತ್ತದೆ ಎಂದು ಅಪ್ಪನಿಗೆ ಓದಿ ಹೇಳು.

ತಮ್ಮ